ಬಾಸಿಂಗಬಲ ಅಂದರೆ ಅಂಟು

ಪದ್ಮತ್ತೆಯ ಸಂಸಾರ ಮುರಿದದ್ದು ಶನಿಯಿಂದ ಅಲ್ಲ, ಸಲ್ಯೂಷನ್ನಿಂದ. ಚಪ್ಪಲಿ ಅಟ್ಟೆಗೆ ಹಚ್ಚುತ್ತಾರಲ್ಲ, ಆ ಹಳದಿ ಸಲ್ಯೂಷನ್. ನಮ್ಮಪ್ಪನಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟು. ಇದರ ಮೇಲೆ ನಮ್ಮ ನೆಂಟರು ಏನೇನೋ ಕಥೆ ಕಟ್ಟಿದ್ದಾರೆ. ಜಾತಕ ಅಂದರು, ದೃಷ್ಟಿ ಅಂದರು, ಅವಳ ಕಾಲ್ಗುಣ ಅಂದರು. ಇವತ್ತಿಗೂ ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ಒಬ್ಬಳು, ಪಾಪ ನಿಮ್ಮತ್ತೆಗೆ ಬಾಸಿಂಗಬಲ ಇರಲಿಲ್ಲ ಕಣೆ, ಅನ್ನುತ್ತಾಳೆ. ನಾನು ಹೋಳಿಗೆ ಎಲೆಯ ಮೇಲಿಟ್ಟು, ಬಾಸಿಂಗಕ್ಕೆ ಬಲ ಬರೋದು ಅಂಟಿನಿಂದ ಅಂತ ಹೇಳಿ, ಮತ್ತೆ ಹೋಳಿಗೆ ತಿನ್ನುತ್ತೇನೆ. ನನ್ನನ್ನು ಒರಟು ಹೆಂಗಸು ಅನ್ನುತ್ತಾರೆ. ಹೌದು. ಆ ಒರಟು ಎಲ್ಲಿಂದ ಬಂತು ಅಂತ ಮೊಮ್ಮಗಳು ಮುಂದೆ ಕೇಳಿದರೆ ಇರಲಿ ಅಂತ ಬರೆದಿಡುತ್ತಿದ್ದೇನೆ. ನನಗೂ ಬೇಗ ಮದುವೆ, ಮಗಳಿಗೂ ಬೇಗ ಮದುವೆ, ಹಾಗಾಗಿ ತಲೆ ನೆರೆಯುವ ಮೊದಲೇ ಅಜ್ಜಿಯಾದವಳು ನಾನು. ಓದು ಆರನೇ ಕ್ಲಾಸಿಗೆ ನಿಂತಿತು. ಅಂಟಿನ ವಿಷಯ ಮಾತ್ರ ಪೂರ್ತಿ ಓದಿದ್ದೇನೆ.

ನಮ್ಮ ಮನೆ ಹಲಸೂರಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಮನೆ ಅಂದರೆ ಒಂದರ ಹಿಂದೆ ಒಂದು ಮೂರು ಕೋಣೆ, ರೈಲು ಡಬ್ಬಿಯ ಹಾಗೆ. ಮುಂದಿನದು ಅಂಗಡಿ, ನಡುವಿನದು ಮಲಗೋದಕ್ಕೆ, ಹಿಂದಿನದು ಅಡುಗೆಗೆ. ಮೇಲೆ ಸಿಮೆಂಟ್ ಶೀಟು. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ಕೂತರೆ ತಲೆಗೆ ಹಚ್ಚಿದ ಎಣ್ಣೆ ಕಿವಿಯ ಹಿಂದೆ ಇಳಿದು ಬರುತ್ತಿತ್ತು. ಮನೆಯ ಕಸುಬು ಬಾಸಿಂಗ ಮಾಡೋದು. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಅದೇ. ರಟ್ಟು ಕತ್ತರಿಸಿ ಅದರ ಮೇಲೆ ಬೆಂಡು, ಬೆಂಡಿನ ಮೇಲೆ ಹೊಳೆಯುವ ಬೇಗಡೆ, ಅದರ ಮೇಲೆ ಮಣಿ, ಚಮ್ಕಿ, ನಡುವೆ ಒಂದು ಕನ್ನಡಿ ಚೂರು, ಎರಡು ಕಡೆ ಕುಚ್ಚು. ಹೊಲಿಗೆ ಒಂದೂ ಇಲ್ಲ, ಎಲ್ಲ ಅಂಟಿನ ಮೇಲೆ ನಿಂತದ್ದು. ಅದಕ್ಕೇ ನಮ್ಮ ಸೀಮೆಎಣ್ಣೆ ಸ್ಟೌ ಅನ್ನಕ್ಕಿಂತ ಹೆಚ್ಚು ಹೊತ್ತು ಅಂಟಿಗೇ ಉರಿಯುತ್ತಿತ್ತು, ಅಮ್ಮನಿಗೂ ಅಪ್ಪನಿಗೂ ಅದೇ ಜಗಳ. ಹುಣಸೆಬೀಜ ಹುರಿದು, ಕುಟ್ಟಿ, ಸಿಪ್ಪೆ ಹಾರಿಸಿ, ನೆನೆಹಾಕಿ, ಒರಳಲ್ಲಿ ರುಬ್ಬಿ, ಕೂಸಿಗೆ ರಾಗಿ ಸರಿ ಕಾಯಿಸೋ ಹಾಗೆ ಕೈಬಿಡದೆ ತಿರುವಿದರೆ ಬರೋದು ಬೀಜದಂಟು. ಮಣಿಗೂ ಬೆಂಡಿಗೂ ಅದೇ. ಕನ್ನಡಿ ಚೂರಿಗೆ ಬಡಗಿಗಳು ಕಾಯಿಸಿ ಹಚ್ಚುವ ಸರೇಸು. ಬಾಸಿಂಗ ಸುತ್ತಿ ಕೊಡುವ ಕಾಗದದ ಚೀಲಕ್ಕೆ ಮೈದಾ ಗಂಜಿ. ನನ್ನ ಸ್ಕೂಲ್ ಪುಸ್ತಕದ ರಟ್ಟಿಗೆ ಗೋಂದಿನ ಬಾಟಲಿ. ಕತ್ತಲಲ್ಲಿ ಯಾರು ತಲೆ ಸವರಿದರೂ ಕೈಯ ವಾಸನೆಯ ಮೇಲೆ ಹೇಳಬಹುದಿತ್ತು: ಅಮ್ಮನದು ಮೈದಾ, ಅಪ್ಪನದು ಸರೇಸು, ಪದ್ಮತ್ತೆಯದು ಹುರಿದ ಹುಣಸೆಬೀಜ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಅಂಗಡಿಯ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತು ಕಾನೂನು ಹೇಳುತ್ತಿದ್ದಳು. ಬಾಸಿಂಗ ನೆಲಕ್ಕೆ ಇಡಬಾರದು. ಎಡಗೈಲಿ ಕೊಡಬಾರದು. ಯಾರ ಕಾಲೂ ಅದನ್ನು ದಾಟಬಾರದು, ಕಾಲು ತಾಗುವ ಎತ್ತರದಲ್ಲೂ ಅದು ಇರಬಾರದು. ಗಂಡ ಸತ್ತವರು, ಗಂಡ ಬಿಟ್ಟವರು ಮುಟ್ಟಬಾರದು. ಅವಳೇ ಗಂಡ ಸತ್ತವಳು, ಹಾಗಾಗಿ ಕೈ ಹಾಕುತ್ತಿರಲಿಲ್ಲ, ಬರೀ ಬಾಯಿ. ಮದುವಣಗಿತ್ತಿ ತನ್ನ ಬಾಸಿಂಗವನ್ನು ತಾನೇ ಮಾಡಿಕೊಳ್ಳಬಾರದು ಅನ್ನೋದೂ ಅವಳ ಕಾನೂನೇ. ಹಿಂದಿನ ತಲೆಯವರು ಹೇಳಿದ್ದು ಅನ್ನುತ್ತಿದ್ದಳು. ಸರೇಸು ತಯಾರಾಗೋದು ದನದ ಚರ್ಮ, ಗೊರಸು ಕುದಿಸಿ ಅಂತ ಆ ಹಿಂದಿನ ತಲೆಯವರು ಅವಳಿಗೆ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ.

ಆ ಮನೆಯಲ್ಲಿ ಕೈ ಅಂತ ಇದ್ದದ್ದು ಅಪ್ಪನ ತಂಗಿ ಪದ್ಮತ್ತೆಗೆ. ಅಂಗಡಿಗೆ ಹೆಸರು ಅಪ್ಪನದು, ಕೆಲಸ ಅವಳದು. ಬೀಜದಂಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮಣಿ ಇಟ್ಟರೆ ಒಂದು ಹನಿ ಆಚೆ ಬರುತ್ತಿರಲಿಲ್ಲ. ಬಾಯಿ ಮಾತ್ರ ಜೋರು. ಉಳಿದ ಚಮ್ಕಿಯನ್ನು ನನ್ನ ಹಣೆಗೆ ಅಂಟಿಸಿ, ಹೋಗು ನಾಗಿ, ಸ್ಕೂಲಲ್ಲಿ ಕರಗದ ದೇವರು ಬಂತು ಅಂತ ಎಲ್ಲ ಎದ್ದು ನಿಲ್ತಾರೆ, ಅನ್ನುತ್ತಿದ್ದಳು. ಊರಿನ ಹೆಣ್ಣುಮಕ್ಕಳಿಗೆಲ್ಲ ಬಾಸಿಂಗ ಮಾಡಿ ಕಳಿಸಿದರೂ ಅವಳಿಗೇ ತಡವಾಯಿತು. ಕೊನೆಗೆ ಕೆ.ಆರ್. ಪುರದ ಕಡೆಯ ಒಂದು ಸಂಬಂಧ ಬಂತು. ಹುಡುಗ ಲೇತ್ ಕೆಲಸ ಮಾಡುತ್ತಿದ್ದ. ನೋಡಲು ಬಂದಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ಹೇಗಿದ್ದಾನೆ ಅಂತ ಅಮ್ಮ ಕೇಳಿದಳು.

"ಉಪ್ಪಿಟ್ಟು ಇನ್ನೊಂದ್ಸಲ ಹಾಕಿಸ್ಕೊಂಡ ಅತ್ತಿಗೆ. ನಾಚಿಕೆ ಇಲ್ಲ. ಪರವಾಗಿಲ್ಲ, ಬದುಕ್ತಾನೆ."

ಹಾಗಂದು ನಕ್ಕಳು. ಆ ನಗುವನ್ನು ನಾನು ನೋಡಿದ್ದೇನೆ. ಮುಂದೆ ನಡೆದದ್ದೆಲ್ಲ ಅದನ್ನು ನೋಡಿದ ಮೇಲೆ ನಡೆದದ್ದು, ಅದಕ್ಕೆ ನನಗೆ ಸಿಟ್ಟು ಇಳಿಯಲಿಲ್ಲ.

ಗಂಡಿನ ಬಾಸಿಂಗವನ್ನು ಅವಳೇ ಮಾಡಿದಳು, ಅದಕ್ಕೆ ಅಡ್ಡಿ ಇರಲಿಲ್ಲ. ಹೊಸ ಬೀಜ ಹುರಿದು, ಬಟ್ಟೆಯಲ್ಲಿ ಸೋಸಿ, ನಿಧಾನವಾಗಿ ಒಂದೊಂದೇ ಸಾಲು ಒಣಗಲು ಬಿಟ್ಟು ಮಾಡಿದಳು. ಬೀಜದಂಟಿನ ಕಷ್ಟವೇ ಅದು, ಒಣಗಲು ಕಾಯಬೇಕು. ಆ ಬೇಸಿಗೆ ಲಗ್ನಗಳು ಒಂದರ ಮೇಲೊಂದು ಬಂದಿದ್ದವು, ಕಾಯೋಕೆ ಅಪ್ಪನಿಗೆ ಪುರುಸೊತ್ತಿರಲಿಲ್ಲ. ಮಣಿ, ಬೇಗಡೆ ತರಲು ಅವನು ಶಿವಾಜಿನಗರಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಸಾಬರು ಚಪ್ಪಲಿ ಮಾಡುತ್ತಾ ಕೂತಿದ್ದರು. ಅಟ್ಟೆಗೆ ಹಳದಿ ಸಲ್ಯೂಷನ್ ಬಳಿದು, ಸ್ವಲ್ಪ ಆರಲು ಬಿಟ್ಟು ಒತ್ತಿದರು, ಸುತ್ತಿಗೆಯಲ್ಲಿ ಒಂದು ಕುಟ್ಟಿದರು, ಮೊಳೆಗೆ ನೇತು ಹಾಕಿದರು. ಮುಗಿಯಿತು. ಅಪ್ಪ ದಾರಿಯಲ್ಲಿ ನಿಂತು ನೋಡಿದ್ದೇ ನೋಡಿದ್ದು. ಆಮೇಲೆ ಹತ್ತಿರ ಹೋಗಿ ಆ ಡಬ್ಬಿ ಎಲ್ಲಿ ಸಿಗುತ್ತೆ ಅಂತ ಕೇಳಿದ. ಯಾವುದಕ್ಕೆ ಅಂತ ಅವರು ಕೇಳಿದರು. ಅಪ್ಪ ಹೇಳಿದ. ಸಾಬರು ಹಲ್ಲಿನಲ್ಲಿ ಹಿಡಿದಿದ್ದ ದಾರ ಬಿಟ್ಟು ನಕ್ಕರು.

"ಅಣ್ಣಾ, ಇದು ಕಾಲಿಗೆ ಹಾಕೋ ಮಾಲು. ನೀವು ತಲೆಗೆ ಹಾಕ್ತೀನಿ ಅಂತೀರಲ್ಲ."

ಅಪ್ಪನೂ ನಕ್ಕ. ಒಂದು ಡಬ್ಬಿ ಕೊಂಡ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಮೋಸ ಕೊಡಿಸಿದ, ಅಜ್ಜಿ ಕೇಳಿದರೆ ಹೊಸ ಗೋಂದು ಅನ್ನಬೇಕು ಅಂದ. ಮನೆಗೆ ಬಂದು ಅದನ್ನು ಹಳೆ ತುಪ್ಪದ ಡಬ್ಬಿಗೆ ಸುರಿದು, ಬಳಿಯಲು ಸುಲಭವಾಗಲಿ ಅಂತ ಪೆಟ್ರೋಲ್ ಸೇರಿಸಿ ತೆಳು ಮಾಡಿದ. ವಾಸನೆ ಏನೋ ಅಂತ ಅಜ್ಜಿ ಮೂಗು ಮುಚ್ಚಿಕೊಂಡಳು. ಇಂಗ್ಲಿಷ್ ಗೋಂದು ಅಮ್ಮ, ಹಾಗೇ ಇರುತ್ತೆ ಅಂದ. ಪದ್ಮತ್ತೆ ಒಂದು ಸಲ ಕಡ್ಡಿ ಅದ್ದಿ ಎಳೆದು ನೋಡಿದಳು. ಮೂಗಿನ ಸುಂಬಳದ ಹಾಗೆ ಎಳೆ ಬರುತ್ತೆ, ನಾನು ಮುಟ್ಟೋದಿಲ್ಲ ಅಂದಳು. ಆ ಬೇಸಿಗೆ ಹಲಸೂರಿನಿಂದ ಇಂದಿರಾನಗರದವರೆಗೆ ಎಷ್ಟು ಹೆಣ್ಣುಮಕ್ಕಳ ಹಣೆಗೆ ಚಪ್ಪಲಿ ಸಲ್ಯೂಷನ್ ಹೋಯಿತೋ ದೇವರಿಗೇ ಗೊತ್ತು. ಒಂದು ದೂರೂ ಬರಲಿಲ್ಲ. ಜನ ಚೀಲದಲ್ಲಿ ಹಾಕಿ ನೆರಳಲ್ಲಿ ತೆಗೆದುಕೊಂಡು ಹೋಗುತ್ತಿದ್ದರು, ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು. ಅಪ್ಪನಿಗೆ ಧೈರ್ಯ ಬಂತು. ತಂಗಿಯ ಬಾಸಿಂಗವನ್ನು ಕೊನೆಗೆ ಉಳಿಸಿಕೊಂಡಿದ್ದ. ಊರಿನ ಕೆಲಸವೆಲ್ಲ ಮುಗಿಸಿ, ಮದುವೆಯ ಹಿಂದಿನ ಮಧ್ಯಾಹ್ನ ಕೂತು, ಸಲ್ಯೂಷನ್ನಿನಲ್ಲಿ ಒಂದೇ ಉಸಿರಿಗೆ ಮಾಡಿ ಮುಗಿಸಿದ. ನೋಡಲು ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಅವಳು ಗಂಡಿಗೆ ಮಾಡಿದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

ಛತ್ರ ಕೆ.ಆರ್. ಪುರದಲ್ಲಿ. ಹೆಣ್ಣಿನ ಕಡೆಯವರೆಲ್ಲ ಒಂದು ವ್ಯಾನಿನಲ್ಲಿ ಹೊರಟೆವು. ಹತ್ತುವ ಮೊದಲು ಬಾಸಿಂಗದ ತಟ್ಟೆ ಎಲ್ಲಿಡೋದು ಅಂತ ಗಲಾಟೆ. ಸೀಟಿನ ಮೇಲೆ ಇಟ್ಟರೆ ಯಾರಾದರೂ ಕೂರುತ್ತಾರೆ. ತೊಡೆಯ ಮೇಲೆ ಇಟ್ಟುಕೊಂಡರೆ ಹತ್ತಿ ಇಳಿಯುವವರ ಕಾಲು ತಾಗುತ್ತೆ. ಅಜ್ಜಿ ತಾನು ಮುಟ್ಟದೆ ಬೆರಳು ತೋರಿಸಿ, ಡ್ರೈವರ್ ಮುಂದೆ, ಗಾಜಿನ ಒಳಗೆ, ಸಣ್ಣ ಗಣಪತಿ ವಿಗ್ರಹದ ಪಕ್ಕದಲ್ಲಿ ಇಡಿಸಿದಳು. ದೇವರ ಪಕ್ಕ, ಎಲ್ಲರ ಕಾಲಿಗಿಂತ ಮೇಲೆ. ಎಲ್ಲರಿಗೂ ಸರಿ ಅನ್ನಿಸಿತು. ದಾರಿಯಲ್ಲಿ ಲಾರಿ ಕೆಟ್ಟು ರಸ್ತೆ ಕಟ್ಟಿಕೊಂಡಿತು. ಮುಂದಿನ ಗಾಜಿನಿಂದ ಬಿಸಿಲು ನೇರ ತಟ್ಟೆಯ ಮೇಲೆ. ಗಣಪತಿಯ ಬುಡಕ್ಕೆ ಮೆತ್ತಿದ್ದ ಮೇಣ ಮೆತ್ತಗಾಗಿ ವಿಗ್ರಹ ಓರೆಯಾಯಿತು, ಡ್ರೈವರ್ ಅದನ್ನು ಎರಡು ಸಲ ನೆಟ್ಟಗೆ ಮಾಡಿದ. ಅದನ್ನು ಎಲ್ಲರೂ ನೋಡಿದೆವು. ಪಕ್ಕದ ತಟ್ಟೆಯನ್ನು ಯಾರೂ ನೋಡಲಿಲ್ಲ.

ಧಾರೆ ಆಯಿತು, ತಾಳಿ ಕಟ್ಟಿದ್ದಾಯಿತು. ಆಮೇಲೆ ಹೋಮದ ಮುಂದೆ ಕೂರಿಸಿದರು. ಪದ್ಮತ್ತೆ ಬೊಗಸೆಯಲ್ಲಿ ಅರಳು ಹಿಡಿದು ಬೆಂಕಿಯ ಕಡೆ ಬಾಗಿದಳು. ಒಂದು ಸಲ ಬಾಗಿದಳು, ಏನೂ ಆಗಲಿಲ್ಲ. ಇನ್ನೊಂದು ಸಲ ಬಾಗಿದಾಗ ನಡುವಿನ ಕನ್ನಡಿ ಮೆಲ್ಲಗೆ ಜಾರಿತು. ಬೀಳಲಿಲ್ಲ, ಜಾರಿತು, ಹಳದಿ ಎಳೆ ಎಳೆದುಕೊಂಡು ಹುಬ್ಬಿನ ತನಕ ಇಳಿಯಿತು. ಅದರ ಹಿಂದೆ ಮಣಿಗಳು. ಕೆಲವು ಅವಳ ಮಡಿಲಿಗೆ, ಕೆಲವು ಸೀದಾ ಬೆಂಕಿಗೆ. ಹೋಮದ ಹೊಗೆಯಲ್ಲಿ ಟೈರು ಸುಟ್ಟ ವಾಸನೆ ಎದ್ದಿತು. ಹೊರಗೆ ಯಾರು ಟೈರು ಸುಡ್ತಿರೋದು ಅಂತ ಯಾರೋ ಕಿಟಕಿಗೆ ಹೋಗಿ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಅವನು ಕಿಟಕಿ ನೋಡಲಿಲ್ಲ, ಬೆಂಕಿ ನೋಡುತ್ತಿದ್ದ. ಅವನಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಪುರೋಹಿತರು ಒಂದು ಹೂವಿನ ದಂಡೆ ಕಟ್ಟಿ ಮುಂದುವರಿಸಿ ಅಂದರು, ಮುಂದುವರಿಸಿದರು. ಆದರೆ ಪಕ್ಕದಲ್ಲೇ ಕೂತಿದ್ದ ಗಂಡಿನ ಬಾಸಿಂಗದಲ್ಲಿ ಒಂದು ಚಮ್ಕಿಯೂ ಅಲ್ಲಾಡಿರಲಿಲ್ಲ. ಅದನ್ನು ಬೀಗಿತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಒಂದೇ ಬೆಂಕಿ, ಒಂದೇ ಹೊಗೆ. ನಮ್ಮ ಮಗಂದು ನಿಂತಿದೆ, ಇವಳದು ಉದುರಿದೆ. ಬಲ ಯಾರಿಗಿಲ್ಲ ಅಂತ ದೇವರೇ ತೋರಿಸ್ಬಿಟ್ಟ."

ನಿಂತದ್ದು ಪದ್ಮತ್ತೆ ಮಾಡಿದ್ದು. ಉದುರಿದ್ದು ಅವಳ ಅಣ್ಣ ಮಾಡಿದ್ದು.

ಆಷಾಢ ಬಂದಾಗ ಎಲ್ಲ ಹೊಸ ಹೆಣ್ಣುಮಕ್ಕಳ ಹಾಗೆ ಪದ್ಮತ್ತೆಯೂ ತವರಿಗೆ ಬಂದಳು. ಅಷ್ಟರಲ್ಲಿ ಗಂಡನ ಮನೆಯಲ್ಲಿ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಪಾಚಿ ಕಟ್ಟಿದ ಬಚ್ಚಲಲ್ಲಿ ಯಾರಾದರೂ ಜಾರುತ್ತಾರೆ. ಸೊಸೆಯ ಲೆಕ್ಕಕ್ಕೆ ಬರೆದರು. ಆಷಾಢ ಕಳೆದರೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಶ್ರಾವಣ ಬಂತು, ಯಾರೂ ಬರಲಿಲ್ಲ. ಪದ್ಮತ್ತೆ ದಿನಾ ಬೆಳಿಗ್ಗೆ ಒಳ್ಳೆ ಸೀರೆ ಉಟ್ಟು ತಲೆ ಬಾಚಿ ಕೂರುತ್ತಿದ್ದಳು, ಸಂಜೆ ಅದನ್ನು ಮಡಚಿ ಇಡುತ್ತಿದ್ದಳು. ಆಮೇಲೆ ಒಳ್ಳೆ ಸೀರೆ ಉಡೋದನ್ನು ಬಿಟ್ಟಳು. ಗಂಡ ಒಂದು ದಿನ ಬೀದಿಯ ತುದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದ ಅಂತ ಎದುರಿನ ಹೂವಿನ ಸೆಲ್ವಿಯಕ್ಕ ಹೇಳಿದಳು, ಒಳಗೆ ಬರಲಿಲ್ಲ. ಉಪ್ಪಿಟ್ಟಿಗೆ ಇದ್ದ ಧೈರ್ಯ ಅವನಿಗೆ ತನ್ನ ಅಮ್ಮನ ಎದುರು ಇರಲಿಲ್ಲ.

ಅಪ್ಪ ಮದುವೆ ಮುಗಿಸಿ ಬಂದ ದಿನದಿಂದಲೇ ಬೀಜದಂಟಿಗೆ ವಾಪಸ್ ಹೋಗಿದ್ದ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ತುಪ್ಪದ ಡಬ್ಬಿ ಮಾತ್ರ ಅಂಗಡಿಯ ಮೂಲೆಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನ ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಾಗ ನಾನು ಅದನ್ನು ಅಡುಗೆಮನೆಗೆ ಎತ್ತಿಕೊಂಡು ಹೋದೆ. ಪದ್ಮತ್ತೆ ರೊಟ್ಟಿ ತಟ್ಟಿ ಕಾವಲಿ ಇಳಿಸುವವಳಿದ್ದಳು. ಇಳಿಸಬೇಡ ಅಂದೆ. ಸಾಬರ ಅಂಗಡಿ, ಸಮೋಸ, ಕಾಲಿಗೆ ಹಾಕೋ ಮಾಲು, ಎಲ್ಲ ಅವಳಿಗೆ ಒದರಿದೆ. ಅವಳು ಎಲ್ಲ ಕೇಳಿಸಿಕೊಂಡು ಕಾವಲಿ ಇಳಿಸಿದಳು. ಆಮೇಲೆ ರಟ್ಟಿನ ಒಂದು ಪಟ್ಟಿ ತರಲು ಹೇಳಿದಳು. ಮನೆಯಲ್ಲಿದ್ದ ಅಂಟಲ್ಲೆಲ್ಲ ಒಂದೊಂದು ಮಣಿ ಕೂರಿಸಿದಳು, ಒಣಗಲು ಮಾರನೆಯ ದಿನದ ತನಕ ಬಿಟ್ಟಳು. ಮಾರನೆಯ ದಿನ ಅದೇ ಹೊತ್ತಿಗೆ ಕಾದ ಕಾವಲಿಯ ಮೇಲೆ ಇಕ್ಕಳದಲ್ಲಿ ಆ ಪಟ್ಟಿಯನ್ನು ಹಿಡಿದಳು, ತಾಗಿಸದೆ, ಹೋಮದ ಬೆಂಕಿ ಹಣೆಗೆ ಎಷ್ಟು ದೂರ ಇತ್ತೋ ಅಷ್ಟು ದೂರ.

ಮೊದಲು ಹೋದದ್ದು ಸಲ್ಯೂಷನ್. ರಟ್ಟು ಬಿಸಿಯಾಯಿತೋ ಇಲ್ಲವೋ, ಹಾಲಿನ ಕೆನೆಯ ಹಾಗೆ ಸುಕ್ಕಾಯಿತು, ಮಣಿ ಎಳೆ ಬಿಟ್ಟುಕೊಂಡು ಜಾರಿತು, ಹೋಮದ ಮುಂದೆ ಜಾರಿದ ಹಾಗೇ. ಗೋಂದು ಸ್ವಲ್ಪ ಹೊತ್ತು ತಡೆದು ಗಾಜಿನ ಹಾಗೆ ಬಿರುಕು ಬಿಟ್ಟಿತು, ಮಣಿ ಚಟ್ ಅಂತ ಹಾರಿ ಕಾವಲಿಗೆ ಬಿತ್ತು. ಮೈದಾ ಕಂದಿತು, ಹಪ್ಪಳದ ಹಾಗಾಯಿತು, ಬೆರಳಲ್ಲಿ ತಟ್ಟಿದ ಮೇಲೆ ಬಿಟ್ಟಿತು. ಸರೇಸು ಒಣ ಬಿಸಿಗೆ ಜಗ್ಗಲಿಲ್ಲ, ಪಕ್ಕದ ಅನ್ನದ ತಪ್ಪಲೆಯ ಹಬೆ ತಾಗಿದ್ದೇ ಮೆತ್ತಗಾಯಿತು. ಬೀಜದಂಟಿನ ಮಣಿ ರಟ್ಟು ಕಪ್ಪಾಗುವ ತನಕ ಅಲ್ಲಾಡಲಿಲ್ಲ. ಮಳೆಗಾಲದಲ್ಲಿ ಅದೂ ಬೂಷ್ಟು ಹಿಡಿದು ಕೈಕೊಡುತ್ತೆ, ಅದು ನಮಗೆ ಗೊತ್ತು; ನೀರಿಗೆ ಸಲ್ಯೂಷನ್ನೇ ಗಟ್ಟಿ. ಆದರೆ ಬೆಂಕಿಯ ಮುಂದೆ ಕೂರಿಸೋ ಹೆಣ್ಣಿಗೆ ನೀರಿನ ಅಂಟು ಹಾಕಿದರೆ ಏನು ಪ್ರಯೋಜನ. ಪಟ್ಟಿ ತಣ್ಣಗಾದ ಮೇಲೆ ಜಾರಿದ ಮಣಿಯನ್ನು ಮುಟ್ಟಿ ನೋಡಿದೆ. ಸಲ್ಯೂಷನ್ ಮತ್ತೆ ಬಿಗಿಯಾಗಿ ಹಿಡಿದಿತ್ತು, ಇರಬೇಕಾದ ಜಾಗದಲ್ಲಿ ಅಲ್ಲ, ಬೇರೆ ಕಡೆ. ಪದ್ಮತ್ತೆ ತವರಿಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು ಅವತ್ತು.

"ಬಾಸಿಂಗಬಲ ಅಂದ್ರೆ ಇಷ್ಟೇನೇನೆ ನಾಗಿ?"

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ. ಸುಟ್ಟ ವಾಸನೆಗೆ ಬಂದಿರಬೇಕು. ಪಟ್ಟಿ ನೋಡಿದ, ಡಬ್ಬಿ ನೋಡಿದ, ತಂಗಿಯ ಮುಖ ನೋಡಲಿಲ್ಲ. ಕಾವಲಿ ಹಾಳಾಗುತ್ತೆ ಅಂದ. ಡಬ್ಬಿ ಎತ್ತಿಕೊಂಡು ಹೋಗಿ ಮತ್ತೆ ಅಂಗಡಿಯ ಮೂಲೆಗೆ ಇಟ್ಟ.

ಗೌರಿಹಬ್ಬ ಕಳೆದ ಮೇಲೆ ಒಂದು ಸಂಜೆ ಗಂಡಿನ ಚಿಕ್ಕಪ್ಪ ಮುನಿಯಪ್ಪನವರು ಒಬ್ಬರೇ ಬಂದರು. ಒಳ್ಳೆಯ ಮನುಷ್ಯ. ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದರು, ಕಾಫಿ ಬೇಡ ಅಂದರು. ಅದೇ ಹೊತ್ತಿಗೆ ಕಾರ್ತಿಕದ ಮದುವೆಗೆ ಬಾಸಿಂಗ ಹೇಳಲು ಹಲಸೂರಿನವಳೇ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದು ಕೂತಿದ್ದಳು. ಅವಳು ಎದ್ದು ಹೋಗಲಿ ಅಂತ ಅಪ್ಪ ಕಾದ. ಅವಳು ಹೋಗಲಿಲ್ಲ, ಇಂಥ ಮಾತು ನಡೆಯುವಾಗ ಯಾರು ಎದ್ದು ಹೋಗುತ್ತಾರೆ. ಪದ್ಮತ್ತೆ ನಡುಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಾಲಿನ ಬೆರಳು ಮಾತ್ರ ನನಗೆ ಕಾಣುತ್ತಿತ್ತು, ಹೊಸ ಕಾಲುಂಗುರದ್ದು.

"ನೋಡಿ ಸ್ವಾಮಿ, ನಾನು ನೇರ ಕೇಳ್ತೀನಿ. ಆ ಬಾಸಿಂಗ ಮಾಡಿದ್ದು ನೀವು. ಮಾಡೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ? ಆಗಿತ್ತು ಅಂತ ನಿಮ್ಮ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು. ನಮ್ಮತ್ತಿಗೆ ಹತ್ರ ನಾನು ಮಾತಾಡ್ತೀನಿ. ಹುಡುಗನಿಗೆ ಏನೂ ಬೇಜಾರಿಲ್ಲ. ನಾಳೆನೇ ಬಂದು ಕರ್ಕೊಂಡು ಹೋಗ್ತೀವಿ."

ಅಜ್ಜಿ ನಡುವೆ ಬಾಯಿ ಹಾಕಿ, ನಮ್ಮ ಮನೆಯ ಬಾಸಿಂಗದಲ್ಲಿ ನನ್ನ ಯಜಮಾನರ ಕಾಲದಿಂದ ಒಂದು ಮಣಿ ಉದುರಿಲ್ಲ ಅಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಮೂಲೆಯ ತುಪ್ಪದ ಡಬ್ಬಿ ನೋಡಿದ, ಬಾಸಿಂಗ ಹೇಳಲು ಬಂದವಳನ್ನು ನೋಡಿದ. ಅಂಟು ತಪ್ಪಿತು ಅಂದರೆ ಯಾವ ಅಂಟು ಅಂತ ಕೇಳುತ್ತಾರೆ. ಯಾವ ಅಂಟು ಅಂತ ಹೇಳಿದರೆ, ಆ ಬೇಸಿಗೆ ಮದುವೆಯಾದ ಒಂದೊಂದು ಹೆಣ್ಣಿನ ಅಪ್ಪನೂ, ನನ್ನ ಮಗಳ ಹಣೆಗೆ ಚಪ್ಪಲಿ ಅಂಟು ಬಳಿದೆಯಾ ಅಂತ ಬಾಗಿಲಿಗೆ ಬರುತ್ತಾನೆ. ಅಂಟಿಗೆ ಕಾಲೂ ತಲೆಯೂ ಗೊತ್ತಿಲ್ಲ, ಬಿಸಿ ತಂಪು ಎರಡೇ ಗೊತ್ತು. ಆದರೆ ಅದನ್ನು ಆ ಬೀದಿಗೆ ಯಾರು ಹೇಳೋದು. ಅಪ್ಪ ಅಷ್ಟೆಲ್ಲ ಲೆಕ್ಕ ಹಾಕಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ನನಗೆ ಆಗ ಹತ್ತು ಹನ್ನೊಂದು ವರ್ಷ, ಆದರೂ ಕಾಣುತ್ತಿತ್ತು.

"ಕೆಲಸದಲ್ಲಿ ಏನೂ ತಪ್ಪಿಲ್ಲ," ಅಂದ. "ಅವಳ ಹಣೇಲಿ ಬರೆದದ್ದು. ನಾವೇನು ಮಾಡೋದು."

ನಾನು ಎದ್ದು ನಿಂತೆ. ಅಪ್ಪ, ಸಲ್ಯೂ, ಅನ್ನುವಷ್ಟರಲ್ಲಿ ಅವನ ಕೈ ನನ್ನ ಬಾಯಿಯ ಮೇಲೆ ಬಂತು. ಹೊಡೆಯಲಿಲ್ಲ. ಮುಚ್ಚಿ ಹಿಡಿದುಕೊಂಡ, ಮುನಿಯಪ್ಪನವರ ಕಡೆ ನೋಡಿ ಮಕ್ಕಳು ಅಂತ ನಕ್ಕ. ಸರೇಸಿನ ವಾಸನೆಯ ಆ ಅಂಗೈ ನನ್ನ ತುಟಿಗೆ ಬೆವರಲ್ಲಿ ಅಂಟಿಕೊಂಡಿತ್ತು. ಮುನಿಯಪ್ಪನವರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ಹಿಂದಿನ ಕಾಲುಂಗುರ ಆಗಲೇ ಕಾಣುತ್ತಿರಲಿಲ್ಲ. ಆ ಹೆಂಗಸು ಕಾರ್ತಿಕಕ್ಕೆ ಎರಡು ಬಾಸಿಂಗ ಹೇಳಿ ಹೋದಳು.

ಅವತ್ತು ಮುದ್ದೆ, ಬಸ್ಸಾರು. ಪದ್ಮತ್ತೆಯೇ ಬಡಿಸಿದಳು. ಅಮ್ಮ ಯಾರಿಗೂ ಕಾಣದ ಹಾಗೆ ಅವಳ ತಟ್ಟೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು, ಅಮ್ಮನ ಕೈಲಿ ಆದದ್ದು ಅಷ್ಟು. ಅಜ್ಜಿ ಮುದ್ದೆ ಮುರಿಯುತ್ತಾ ಹೊಸ ಕಾನೂನು ಹೇಳಿದಳು: ಇನ್ನು ಮೇಲೆ ಪದ್ಮ ಬಾಸಿಂಗ ಮುಟ್ಟೋದು ಬೇಡ, ಬೀಜ ಹುರಿಯೋದೂ ಬೇಡ, ನಾಳೆ ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಅಂಗಡಿಗೆ ಕೆಟ್ಟ ಹೆಸರು. ನಾನು ಅಂಟಿನ ಪಟ್ಟಿ, ಕಾವಲಿ, ಎಲ್ಲ ಹೇಳಿದೆ, ಸಲ್ಯೂಷನ್ ಕರಗಿದ್ದು ಕಣ್ಣಾರೆ ಕಂಡೆ ಅಂದೆ. ಅಜ್ಜಿ ಕೇಳಿಸಿಕೊಂಡಳು. ಗೋಂದು ಕರಗಿತು ಅಂತಲೇ ಇಟ್ಕೋ, ಊರಿನವರದ್ದೆಲ್ಲ ಬಿಟ್ಟು ಇವಳದ್ದನ್ನೇ ಕರಗಿಸಿದ್ದು ಯಾರು, ಶನಿ ತಾನೇ ಅಂದಳು. ಇದು ಪ್ರಶ್ನೆಯೇ ಅಲ್ಲ. ಪದ್ಮತ್ತೆ ಸಾರಿನ ಸೌಟು ಹಿಡಿದು ಅಪ್ಪನ ಮುಂದೆ ಬಂದು ನಿಂತಳು. ಅಪ್ಪ ತಲೆ ಎತ್ತಲಿಲ್ಲ.

"ನಿನ್ನ ಅಂಗಡಿ ಉಳೀತಲ್ಲ ಅಣ್ಣ," ಅಂದಳು. "ಸಾರು ಹಾಕ್ಲಾ?"

ಅವಳು ಮತ್ತೆ ಕೆ.ಆರ್. ಪುರಕ್ಕೆ ಹೋಗಲಿಲ್ಲ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಕಾಲವಾದ ಮೇಲೆ ಕಮ್ಮನಹಳ್ಳಿಯಲ್ಲಿ ಒಂದು ರೂಮು ಹಿಡಿದು, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಿಗೆ ಸೀರೆಗೆ, ಲಂಗಕ್ಕೆ ಮಣಿ ಹಾಕಿಕೊಟ್ಟು ಬದುಕಿದಳು. ಎಲ್ಲ ಸೂಜಿಯ ಕೆಲಸ, ಅಂಟು ಮುಟ್ಟಲಿಲ್ಲ. ನಾನು ಓದು ಬಿಟ್ಟದ್ದು ಅವಳ ಜೊತೆ ಕೂರೋಕೆ. ಅವಳು ಚೆನ್ನಾಗಿಯೇ ಬದುಕಿದಳು, ಆದರೆ ಅವಳಿಗೆ ಬೇಕಾಗಿದ್ದ ಬದುಕು ಅದಲ್ಲ. ಅಪ್ಪ ಸಾಯುವ ತನಕ ಅವಳ ರೂಮಿಗೆ ಒಂದು ಸಲವೂ ಹೋಗಲಿಲ್ಲ. ಅವನು ಕೆಟ್ಟವನು ಅಂತ ನಾನು ಹೇಳೋದಿಲ್ಲ. ಬಿಸಿ ತಾಗೋ ತನಕ ಗಟ್ಟಿಯಾಗಿದ್ದ.

ಮುನಿಯಪ್ಪನವರು ಬಂದು ಹೋದ ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಅಂಗಡಿಯ ಹಲಗೆ ಬಾಗಿಲು ಒಂದೊಂದೇ ತೆಗೆದು ಗೋಡೆಗೆ ಒರಗಿಸೋದು, ಮುಂದಿನ ಮೊಳೆಗೆ ಗಿರಾಕಿಗಳು ನೋಡಲಿ ಅಂತ ಒಂದು ಬಾಸಿಂಗ ನೇತು ಹಾಕೋದು ದಿನಾ ನನ್ನ ಕೆಲಸ. ಉದುರಿದ ಬಾಸಿಂಗವನ್ನು ಅಜ್ಜಿ ಕೆರೆಗೆ ಬಿಡಬೇಕು ಅಂತ ಹಳದಿ ಬಟ್ಟೆಯಲ್ಲಿ ಸುತ್ತಿಸಿ ಟ್ರಂಕಿನಲ್ಲಿ ಇಡಿಸಿದ್ದಳು. ಅದನ್ನು ತೆಗೆದೆ. ಅರ್ಧ ಬೋಳಾಗಿತ್ತು. ಕನ್ನಡಿ ಹುಬ್ಬಿನ ಜಾಗಕ್ಕೆ ಇಳಿದು ಅಲ್ಲೇ ಗಟ್ಟಿಯಾಗಿತ್ತು, ಅದರ ಮೇಲಿಂದ ಕೆಳಗೆ ಹಳದಿ ಎಳೆಗಳು ಒಣಗಿ ನಿಂತಿದ್ದವು. ಮೊಳೆಗೆ ಅದನ್ನೇ ನೇತು ಹಾಕಿದೆ. ಕೆಳಗೆ ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಇಟ್ಟೆ. ಎದುರಿಗೆ ಸೆಲ್ವಿಯಕ್ಕ ಹೂವಿನ ಬುಟ್ಟಿ ಇಳಿಸುತ್ತಿದ್ದಳು. ಸೊಂಟಕ್ಕೆ ಕೈ ಕೊಟ್ಟು ನೋಡಿದಳು.

"ಎನ್ನಡಿ ನಾಗಿ ಇದು? ಯಾರದು, ಹಿಂಗೆ ಬೋಳಾಗಿದೆ?"

"ನಮ್ಮತ್ತೇದು ಅಕ್ಕ. ನಮ್ಮಪ್ಪ ಮಾಡಿದ್ದು."

ಅಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊಸ್ತಿಲಿಗೆ ಬಂದಿದ್ದ. ಅವನ ಕೈ ನನ್ನ ಬಾಯಿಗೆ ಎಟುಕದಷ್ಟು ದೂರ, ಬೀದಿಯ ನಡುವೆ ಹೋಗಿ ನಿಂತುಕೊಂಡೆ.

"ಚಪ್ಪಲಿ ಸಲ್ಯೂಷನ್ ಹಾಕಿದ್ದ," ಅಂದೆ, ಪಕ್ಕದ ಕ್ಷೌರದ ಅಂಗಡಿಯವರಿಗೂ ಕೇಳುವ ಹಾಗೆ. "ಬಿಸಿಗೆ ಕರಗೋಯ್ತು."

ಆಮೇಲೆ ಅವನ ಪಕ್ಕದಿಂದಲೇ ಒಳಗೆ ಹೋಗಿ, ಮೊರದ ತುಂಬ ಹುಣಸೆಬೀಜ ತಂದು ಪದ್ಮತ್ತೆಯ ಮುಂದೆ ಇಟ್ಟು, ಸ್ಟೌ ಹಚ್ಚಿದೆ.